ಒಂದೇ ಜಡ್ಡು, ಎರಡು ಕೇರಿ

ಕೊರೋನಾ ಬಂದ ೨೦೨೦ರ ಬೇಸಿಗೆಯಲ್ಲಿ ಕನ್ನಡದಲ್ಲಿ ಕಾವ್ಯದ ಸುಗ್ಗಿಯೇ ಆಯಿತು. ಪತ್ರಿಕೆಗಳ ರವಿವಾರದ ಪುರವಣಿಗಳಲ್ಲಿ, ಮನೆಯಲ್ಲೇ ಕೂತು ಫೋನಿನ ಮುಂದೆ ನಡೆಸಿದ ಕವಿಗೋಷ್ಠಿಗಳಲ್ಲಿ ಒಂದೇ ಮಾತು ನೂರು ವೇಷ ಹಾಕಿಕೊಂಡು ಬಂತು: ರೋಗಾಣುವಿಗೆ ಜಾತಿಯಿಲ್ಲ, ಧರ್ಮವಿಲ್ಲ, ಗಡಿಯಿಲ್ಲ, ಆದ್ದರಿಂದ ಮನುಷ್ಯರೇ, ನೀವೂ ಒಂದಾಗಿರಿ. ಬರೆದವರಲ್ಲಿ ಹಳೆಯ ನವ್ಯರಿದ್ದರು, ನವೋದಯದ ಕಡೆಯ ಕೊಂಡಿಗಳಿದ್ದರು, ನಮ್ಮ ಬಂಡಾಯದವರೂ ಇದ್ದರು.

ಈ ಮಾತಿನ ಮೊದಲನೆಯ ಅರ್ಧ ನಿಜ. ಎರಡನೆಯ ಅರ್ಧ ಒಂದು ಆಸೆ, ಒಳ್ಳೆಯ ಆಸೆ. ನಡುವೆ ತಂದಿಟ್ಟ 'ಆದ್ದರಿಂದ' ಎಂಬ ಶಬ್ದ ಮಾತ್ರ ಸುಳ್ಳು. ನಮ್ಮ ತಕರಾರು ಆ ಒಂದು ಶಬ್ದದ ಮೇಲೆ.

ರೋಗಾಣುವಿಗೆ ಜಾತಿ ಇಲ್ಲ, ಖರೆ. ಆದರೆ ಅದು ಹೊಕ್ಕ ಮನೆಗೆ ಜಾತಿ ಇದೆ. ಆ ಮನೆಗೆ ಎಷ್ಟು ಖೋಲಿ, ನೀರು ಎಷ್ಟು ದೂರ, ದವಾಖಾನೆಗೆ ಹೋಗಲು ಗಾಡಿ ಯಾರದು, ದವಾಖಾನೆಯಲ್ಲಿ ಮೊದಲು ಮಾತಾಡಿಸುವುದು ಯಾರನ್ನು, ಸತ್ತರೆ ಸುಡುವ ಹುಗಿಯುವ ಜಾಗ ಯಾವುದು — ಇವೆಲ್ಲಕ್ಕೂ ಜಾತಿ ಇದೆ. ಇದನ್ನು ಬಿಟ್ಟು ಬರೀ ರೋಗಾಣುವಿನ ಜಾತ್ಯತೀತತೆಯನ್ನು ಹಾಡಿ ಹೊಗಳುವ ಕವಿ, ಮಳೆಗೆ ಭೇದವಿಲ್ಲ, ಗುಡಿಸಲ ಮೇಲೂ ಮಹಡಿಯ ಮೇಲೂ ಒಂದೇ ಸಮ ಬೀಳುತ್ತದೆ ಎಂದು ಸಂತೋಷಪಟ್ಟವನ ಹಾಗೆ. ಬೀಳುತ್ತದೆ, ಹೌದು. ಸೋರುವುದು ಎಲ್ಲಿ?

ಮೊದಲು ಒಂದು ಶಬ್ದದ ಲೆಕ್ಕ ಚುಕ್ತಾ ಮಾಡೋಣ. 'ಸಾಮಾಜಿಕ ಅಂತರ' ಎಂಬುದು ಆ ವರ್ಷ ನಮ್ಮ ಹಳ್ಳಿ ಹಳ್ಳಿಯ ಗೋಡೆಗೂ ಬಂತು. ಗ್ರಾಮ ಪಂಚಾಯಿತಿ ಬರೆಸಿತು, ಶಾಲೆಯ ಮಾಸ್ತರರು ಬರೆಸಿದರು, ನಾಟಕದ ಮಂದಿ ಜಾಗೃತಿ ಗೀತೆ ಕಟ್ಟಿದರು. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರ ಮಾರ್ಚ್ ತಿಂಗಳಲ್ಲೇ, ಬೇಕಾದದ್ದು ಮೈಮೈಗಳ ನಡುವಿನ ಅಂತರ, ಸಮಾಜದ ನಂಟು ಕಡಿಯಬಾರದು, ದೈಹಿಕ ಅಂತರ ಅನ್ನೋಣ ಎಂದು ತಿದ್ದಿಕೊಂಡಿತು. ನಮ್ಮವರು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ ಅಂದರೆ, ಕಿವಿಗೆ ಅದು ಹೊಸದು ಅನಿಸಲೇ ಇಲ್ಲ. ಊರಿನ ದೇವರ ಗುಡಿಯ ಕಟ್ಟೆಗೂ ನಮ್ಮ ಕೇರಿಗೂ ನಡುವೆ ಇರುವುದಕ್ಕೆ ಇಷ್ಟು ದಿನ ಇಂಥ ಸುಸಂಸ್ಕೃತ ಹೆಸರು ಇರಲಿಲ್ಲ, ಅಷ್ಟೆ. ಚಹಾದಂಗಡಿಯ ಬೇರೆ ಕಪ್ಪು, ಮೇಲಿಂದ ಹೊಯ್ಯುವ ನೀರು, ಚೌರದಂಗಡಿಯ ಮುಚ್ಚಿದ ಬಾಗಿಲು, ಇವಕ್ಕೆಲ್ಲ ಸರಕಾರಿ ಕನ್ನಡದಲ್ಲಿ ಒಂದು ಹೆಸರು ಸಿಕ್ಕಿತು. ಭಾಷೆಯ ಬಗ್ಗೆ ದಿನವೆಲ್ಲ ಮಾತಾಡುವ ವಿಮರ್ಶಕರಲ್ಲಿ ಎಷ್ಟು ಜನ ಈ ಶಬ್ದವನ್ನು ಹಿಡಿದು ನಿಲ್ಲಿಸಿದರು? ಕೆಲವರು ನಿಲ್ಲಿಸಿದರು. ಅವರ ಮಾತು ಗೋಡೆಯ ಬರಹದ ತನಕ ಮುಟ್ಟಲಿಲ್ಲ.

ಮನುಷ್ಯಕುಲ ಒಂದು ಎನ್ನುವ ಮಾತು ಕನ್ನಡಕ್ಕೆ ಹೊಸದಲ್ಲ ಎಂದು ನಮಗೆ ಪಾಠ ಹೇಳುವವರು ಪಂಪನಿಂದ ಶುರು ಮಾಡುತ್ತಾರೆ. ಇರಲಿ. ಪಂಪ ನಮ್ಮವನೇ, ನಮ್ಮ ಜಿಲ್ಲೆಯ ಅಣ್ಣಿಗೇರಿಯವನು. ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಕೂತು ಬರೆಯುವ ನಮಗೆ ಅವನೇನು ದೂರದವನಲ್ಲ. ಸಾವಿರ ವರ್ಷದ ಹಿಂದೆ ಅವನು ಆ ಮಾತು ಆಡಿದ್ದು ದೊಡ್ಡದೇ. ಅದೇ ಅಣ್ಣಿಗೇರಿಯಲ್ಲಿ ೨೦೧೦ರಲ್ಲಿ ಚರಂಡಿ ತೋಡುವಾಗ ಮನುಷ್ಯರ ನೂರಾರು ತಲೆಬುರುಡೆ ಸಾಲು ಸಾಲಾಗಿ ಸಿಕ್ಕವು. ಬರಗಾಲದಲ್ಲಿ ಸತ್ತವರೆಂದು ಕೆಲವರು, ಯುದ್ಧದಲ್ಲಿ ಕಡಿದದ್ದೆಂದು ಕೆಲವರು ವಾದಿಸಿದರು. ಬುರುಡೆಗೆ ಜಾತಿ ಇಲ್ಲ ಅಂತ ಇದರ ಮೇಲೂ ಒಂದು ಪದ್ಯ ಬರೆಯಬಹುದು, ಕಷ್ಟವಿಲ್ಲ. ಬುರುಡೆ ಆಗುವ ಸರದಿಗೆ ಮಾತ್ರ ಜಾತಿ ಇರುತ್ತದೆ. ಬರ ಬಂದಾಗ ಹಗೇವಿನಲ್ಲಿ ಜೋಳ ತುಂಬಿದವನು ಮೊದಲು ಸಾಯುವುದಿಲ್ಲ. ಹೊಲವೇ ಇಲ್ಲದವನು ಸಾಯುತ್ತಾನೆ.

ಇದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ೧೯೧೮ರ ಇನ್‌ಫ್ಲುಯೆಂಝಾ ಜಗತ್ತನ್ನೇ ಹಿಡಿದ ಜಡ್ಡು. ಭಾರತದಲ್ಲಿ ಕೋಟಿಗೂ ಮೇಲ್ಪಟ್ಟು ಜನ ಸತ್ತರು. ಆಗ ನಮ್ಮ ಧಾರವಾಡ ಸೀಮೆ ಮುಂಬಯಿ ಇಲಾಖೆಯಲ್ಲಿತ್ತು. ಮುಂಬಯಿ ಶಹರದ ಲೆಕ್ಕ ಬ್ರಿಟಿಷರ ದಫ್ತರದಲ್ಲಿ ಉಳಿದಿದೆ: ಯುರೋಪಿಯನ್ನರಲ್ಲಿ ಸಾವಿರಕ್ಕೆ ೮ ಜನ ಸತ್ತರು, ಪಾರ್ಸಿಗಳಲ್ಲಿ ೯, ಮೇಲುಜಾತಿಯ ಹಿಂದೂಗಳಲ್ಲಿ ಮತ್ತು ಮುಸಲ್ಮಾನರಲ್ಲಿ ೧೯ರ ಹತ್ತಿರ, ಕೆಳಜಾತಿಯ ಹಿಂದೂಗಳಲ್ಲಿ ೬೧. ಒಂದೇ ಶಹರ, ಒಂದೇ ಗಾಳಿ, ಒಂದೇ ಜ್ವರ. ಎಂಟಕ್ಕೂ ಅರವತ್ತೊಂದಕ್ಕೂ ನಡುವಿನ ಅಂತರ ರೋಗಾಣು ಮಾಡಿದ್ದಲ್ಲ. ಅದನ್ನು ಮನುಷ್ಯರು ಮಾಡಿದರು, ಸಾವಿರಾರು ವರ್ಷ ಕೂತು ಮಾಡಿದರು. ಹೀಗಿರುವಾಗ ಮಹಾಮಾರಿ ಎಲ್ಲರನ್ನೂ ಸಮ ಮಾಡಿತು ಎಂದು ಬರೆಯುವುದು ಕಾವ್ಯದ ಸ್ವಾತಂತ್ರ್ಯವಲ್ಲ. ಅದು ಲೆಕ್ಕ ತಪ್ಪಿಸುವ ಗುಮಾಸ್ತನ ಕೆಲಸ.

ಈಗ ಒಂದು ಕೃತಿಗೆ ಬರೋಣ. ಲಾಕ್‌ಡೌನ್ ಕಾಲದಲ್ಲಿ ಓದುವ ವರ್ಗ ಎರಡು ಪುಸ್ತಕಗಳನ್ನು ಮತ್ತೆ ಕೈಗೆತ್ತಿಕೊಂಡಿತು. ಒಂದು ಕಾಮುನ 'ಪ್ಲೇಗ್', ಇನ್ನೊಂದು ಅನಂತಮೂರ್ತಿಯವರ 'ಸಂಸ್ಕಾರ'.

ಕಾಮುನದು ೧೯೪೭ರ ಕಾದಂಬರಿ. ಅಲ್ಜೀರಿಯಾದ ಓರಾನ್ ಎಂಬ ಊರಿಗೆ ಪ್ಲೇಗು ಬರುತ್ತದೆ, ಊರಿನ ಬಾಗಿಲು ಹಾಕುತ್ತಾರೆ, ಒಳಗಿನವರು ಭೇದ ಮರೆತು ಪಡೆ ಕಟ್ಟಿ ರೋಗಿಗಳ ಸೇವೆ ಮಾಡುತ್ತಾರೆ. ಸಂಕಟದಲ್ಲಿ ಮನುಷ್ಯರು ಒಂದಾಗುವ ಕತೆಗೆ ಜಗತ್ತೆಲ್ಲ ಅದನ್ನೇ ಮಾದರಿ ಮಾಡಿದೆ. ಆದರೆ ಓರಾನ್ ಅರಬರ ನಾಡಿನ ಊರು. ಆ ದೊಡ್ಡ ಪುಸ್ತಕದಲ್ಲಿ ಹೆಸರು ಹೊತ್ತು ಸಾಯುವ ಒಬ್ಬ ಅರಬನಿಲ್ಲ. ಪ್ಯಾರಿಸಿನಿಂದ ಬಂದ ಪತ್ರಕರ್ತನೊಬ್ಬ ಅರಬರು ಎಂಥ ಸ್ಥಿತಿಯಲ್ಲಿ ಬದುಕುತ್ತಿದ್ದಾರೆ ಎಂದು ವರದಿ ಮಾಡಲು ಬಂದಿರುತ್ತಾನೆ. ಪ್ಲೇಗು ಶುರುವಾಯಿತು, ವರದಿ ಅಲ್ಲಿಗೇ ನಿಂತಿತು, ಅರಬರೂ ಕತೆಯಿಂದ ಹೊರಗೆ ಹೋದರು. ಫ್ರೆಂಚರು ಫ್ರೆಂಚರ ಜೊತೆ ಒಂದಾದರು. ಅದಕ್ಕೆ ಮಾನವಕುಲ ಎಂದು ಹೆಸರಿಟ್ಟರು. ನಮಗೆ ಇದು ಪರದೇಶದ ಕತೆಯಂತೆ ಕಾಣಲಿಲ್ಲ. ಊರೊಟ್ಟಿನ ಸಭೆ ಸೇರಿ 'ಊರೆಲ್ಲ ಕೂಡಿ ಠರಾವು ಮಾಡೇವಿ' ಅನ್ನುತ್ತಾರಲ್ಲ, ಆ 'ಊರೆಲ್ಲ'ದೊಳಗೆ ಕೇರಿ ಇರುವುದಿಲ್ಲ. ಹಾಂಗ.

'ಸಂಸ್ಕಾರ' ೧೯೬೫ರದು. ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅಚ್ಚಾದದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಹುಟ್ಟಿನಿಂದ ಬ್ರಾಹ್ಮಣ, ನಡತೆಯಿಂದ ಬ್ರಾಹ್ಮಣ್ಯ ಬಿಟ್ಟವನು. ಅವನ ಹೆಣ ಸುಡುವವರು ಯಾರು ಎಂಬುದೇ ಪ್ರಶ್ನೆ. ಹೆಣ ಮನೆಯಲ್ಲಿ ಕೊಳೆಯುತ್ತದೆ, ಇಲಿಗಳು ಸಾಯುತ್ತವೆ, ರಣಹದ್ದುಗಳು ಮಾಡಿನ ಮೇಲೆ ಇಳಿಯುತ್ತವೆ, ಬ್ರಾಹ್ಮಣರು ಹಸಿದುಕೊಂಡು ಶಾಸ್ತ್ರ ಕೇಳಲು ಊರಿಂದೂರಿಗೆ ಅಲೆಯುತ್ತಾರೆ. ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ, ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ, ಆಮೇಲೆ ತಾವು ಯಾರು ಎಂದು ಹುಡುಕುತ್ತಾ ಹೊರಡುತ್ತಾರೆ. ಐದು ದಶಕಕ್ಕೂ ಮೇಲೆ ನಮ್ಮ ವಿಮರ್ಶೆ ಆ ಹುಡುಕಾಟದ ಬೆನ್ನು ಹತ್ತಿ ಹೋಯಿತು. ಅಸ್ತಿತ್ವದ ಆಯ್ಕೆ, ವ್ಯಕ್ತಿಪ್ರಜ್ಞೆ, ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ — ಕಾಲೇಜುಗಳಲ್ಲಿ ನಮಗೆ ಬರೆಸಿದ ಟಿಪ್ಪಣಿಗಳಲ್ಲಿ ಇವೇ ತುಂಬಿದ್ದವು. ಪ್ಲೇಗು ಆ ಟಿಪ್ಪಣಿಗಳಲ್ಲಿ ಒಂದು ಸಂಕೇತ. ಕೊಳೆತ ಬ್ರಾಹ್ಮಣ್ಯದ ಸಂಕೇತ.

ನಾವು ಕೇಳುವುದು ಇಷ್ಟೇ: ಪ್ಲೇಗು ಬರೀ ಸಂಕೇತವೇನು? ಅಗ್ರಹಾರದಾಚೆ ಹೊಲಗೇರಿ ಇದೆ. ಅಲ್ಲೂ ಇಲಿ ಬೀಳುತ್ತವೆ, ಮಂದಿ ಸಾಯುತ್ತಾರೆ. ಬೆಳ್ಳಿಯ ಅವ್ವ-ಅಪ್ಪ ಸಾಯುತ್ತಾರೆ. ಸತ್ತವರ ಗುಡಿಸಲಿಗೆ ಹೆಣದ ಸಮೇತ ಬೆಂಕಿ ಹಚ್ಚುತ್ತಾರೆ. ಕಾದಂಬರಿಯಲ್ಲಿ ಇದಕ್ಕೆ ಸಿಕ್ಕ ಜಾಗ ಕೆಲವೇ ಸಾಲು. ಒಬ್ಬ ಬ್ರಾಹ್ಮಣನ ಹೆಣ ಸುಡುವ ಪ್ರಶ್ನೆಗೆ ಇಡೀ ಕಾದಂಬರಿ. ಹೊಲಗೇರಿಯ ಹೆಣಗಳಿಗೆ ಪ್ರಶ್ನೆಯೇ ಇಲ್ಲ, ಬೆಂಕಿ ಮಾತ್ರ. ಬೆಳ್ಳಿಗೆ ಸಿಕ್ಕ ಜಾಗವಾದರೂ ಎಂಥದು? ಅವಳ ಮೈ ಮಾಟ, ಅವಳ ಮೊಲೆ, ಅವಳಿಗಾಗಿ ಹಸಿದ ಶ್ರೀಪತಿ. ಅವಳ ದುಃಖಕ್ಕೆ ಕಿವಿ ಕೊಡುವ ವ್ಯವಧಾನ ಶ್ರೀಪತಿಗೂ ಇಲ್ಲ, ಕಾದಂಬರಿಗೂ ಇಲ್ಲ.

ಅನಂತಮೂರ್ತಿಯವರಿಗೆ ಇದು ಗೊತ್ತಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಗ್ರಹಾರದ ಜಿಜ್ಞಾಸೆಯ ಪಕ್ಕದಲ್ಲಿ ಆ ಬೆಂಕಿಯನ್ನು ಇಟ್ಟರು. ಅದು ಅವರ ಕಣ್ಣಿನ ಪ್ರಾಮಾಣಿಕತೆ. ಆದರೆ ಆ ಕಣ್ಣು ಅಗ್ರಹಾರದ ಜಗಲಿಯ ಮೇಲೆ ಕೂತು ನೋಡಿದ ಕಣ್ಣು. ದೂರದಲ್ಲಿ ಬೆಂಕಿ ಕಂಡಿತು, ಒಳಗೆ ಯಾರಿದ್ದರು ಅಂತ ಕಾಣಲಿಲ್ಲ. ಇನ್ನು ವಿಮರ್ಶಕರಿಗೆ ಬೆಂಕಿಯೂ ಕಾಣಲಿಲ್ಲ. ಲೇಖಕನಿಗಿಂತ ಅವನ ವಿಮರ್ಶಕರು ಹೆಚ್ಚು ಕುರುಡಾಗುವುದು ಕನ್ನಡದಲ್ಲಿ ಇದೇ ಮೊದಲಲ್ಲ.

ಕುಬಿಹಾಳದಲ್ಲಿ ನಾವು ಕೆಲವರು ಕೂಡಿ ಈ ಕಾದಂಬರಿಯನ್ನು ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಕೆಲವು ಸಂಜೆ ಹಿಡಿಯಿತು. ಕೇಳಿದವರಲ್ಲಿ ಹುಬ್ಬಳ್ಳಿಯ ಕಾಲೇಜಿಗೆ ಹೋಗುವ ಹುಡುಗರಿದ್ದರು, ದಿನವೆಲ್ಲ ಮೆಣಸಿನಕಾಯಿ ಬಿಡಿಸಿ ಬಂದ ಹೆಣ್ಣುಮಕ್ಕಳಿದ್ದರು, ಲಾಕ್‌ಡೌನಿನಲ್ಲಿ ಗೋವಾದ ಕೆಲಸ ಬಿಟ್ಟು ಊರಿಗೆ ಬಂದವರಿದ್ದರು. ಆಚಾರ್ಯರ ತಳಮಳದ ಪುಟಗಳು ಬಂದಾಗ ಕೆಲವರು ಎದ್ದು ಬೀಡಿ ಸೇದಲು ಹೋದರು, ಮುಚ್ಚಿಡುವುದೇಕೆ? ಹೊಲಗೇರಿಯ ಸಾಲುಗಳು ಬಂದಾಗ ಒಬ್ಬ ಮುದುಕಿ ಕೈ ಎತ್ತಿ ನಿಲ್ಲಿಸಿದಳು. "ತಮ್ಮಾ, ಮುಂದ ಓದಬ್ಯಾಡ, ತಡೀ. ಆ ಆಚಾರ್ರು ಹೆಣಾ ಹ್ಯಾಂಗ ಸುಡೂದಂತ ಪುಸ್ತಕ ನೋಡಾಕತ್ತಾರ. ಈಕಿ ಅವ್ವ-ಅಪ್ಪನ್ನ ಯಾರು ನೋಡಿದ್ರು? ಸುಡಾಕ ಶಾಸ್ತ್ರ ಕೇಳಾಕ ಯಾರೂ ಹೋಗಲಿಲ್ಲೇನು?" ಓದುತ್ತಿದ್ದ ಹುಡುಗ ಹಿಂದಿನ ಪುಟ ತಿರುವಿದ, ಮುಂದಿನ ಪುಟ ತಿರುವಿದ. ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಈ ಪ್ರಶ್ನೆಯನ್ನು ಇಷ್ಟು ಚೊಕ್ಕಾಗಿ ಕೇಳಿದ್ದನ್ನು ನಾವು ನೋಡಿಲ್ಲ.

ಇನ್ನೊಂದು ಪ್ರಶ್ನೆ ಗೋವಾದಿಂದ ಬಂದವನದು. ಚಂದ್ರಿ ಮೊದಲು ಗಾಡಿ ಹೊಡೆಯುವ ಶೇಷಪ್ಪನ ಹತ್ತಿರ ಹೋಗುತ್ತಾಳೆ, ಅವನು ಬರುವುದಿಲ್ಲ. ಯಾಕೆ ಬರಲಿಲ್ಲ? ಪ್ಲೇಗಿಗೆ ಅಂಜಿದನೇನು? ಅಲ್ಲ. ಬ್ರಾಹ್ಮಣನ ಹೆಣ ಮುಟ್ಟಿದರೆ ತನಗೆ ನರಕ ಎಂದು ಅಂಜುತ್ತಾನೆ. ಇಲ್ಲಿ ಅನಂತಮೂರ್ತಿ ಬಹಳ ಆಳದ್ದನ್ನು ಹಿಡಿದಿದ್ದಾರೆ ಎಂದು ನಮಗೆ ಅನಿಸುತ್ತದೆ. ಸಂಕಟದಲ್ಲಿ ಮನುಷ್ಯ ಮನುಷ್ಯನ ಕೈ ಹಿಡಿಯದಂತೆ ತಡೆಯುವುದು ಮೇಲಿನವನ ಸೊಕ್ಕು ಮಾತ್ರವಲ್ಲ, ಆ ಸೊಕ್ಕು ಕೆಳಗಿನವನ ಎದೆಯಲ್ಲಿ ಬಿತ್ತಿದ ಭಯವೂ ಹೌದು. ಅಂಬೇಡ್ಕರರು ಮೆಟ್ಟಿಲುಗಳ ವ್ಯವಸ್ಥೆ ಎಂದು ವಿವರಿಸಿದ್ದು ಇದನ್ನೇ. ಪ್ರತಿ ಮೆಟ್ಟಿಲಿನವನೂ ಮೇಲೆ ನೋಡಿ ಅಂಜುತ್ತಾನೆ, ಕೆಳಗೆ ನೋಡಿ ಹೇಸುತ್ತಾನೆ. ಮೆಟ್ಟಿಲ ಮೇಲೆ ನಿಂತವರು ಒಂದಾಗುವುದು ಹ್ಯಾಂಗ?

ಕಡೆಗೆ ಆ ಹೆಣವನ್ನು ಸುಡುವವನು ಅಹಮದ್ ಬ್ಯಾರಿ. ಮೀನಿನ ವ್ಯಾಪಾರಿ, ಮುಸಲ್ಮಾನ. ಎತ್ತು ಕೊಳ್ಳಲು ದುಡ್ಡು ಬೇಕಾದಾಗ ನಾರಣಪ್ಪ ಕೊಟ್ಟಿದ್ದ ಎಂಬ ಒಂದೇ ಋಣಕ್ಕೆ ರಾತ್ರೋರಾತ್ರಿ ಗಾಡಿ ತರುತ್ತಾನೆ, ಕಟ್ಟಿಗೆ ಒಟ್ಟುತ್ತಾನೆ, ಸುಟ್ಟು ಹೋಗುತ್ತಾನೆ. ಜೊತೆಗೆ ಚಂದ್ರಿ, ಅಗ್ರಹಾರ ಸೂಳೆಯೆಂದು ಕರೆದವಳು. ಮಂತ್ರವಿಲ್ಲ, ಭಾಷಣವಿಲ್ಲ, ವಿಶ್ವಮಾನವತೆಯ ಘೋಷಣೆ ಇಲ್ಲ. ಹೆಣ ಸುಟ್ಟದ್ದು ಗೊತ್ತಿಲ್ಲದ ಬ್ರಾಹ್ಮಣರು ಇನ್ನೂ ಶಾಸ್ತ್ರದ ಉತ್ತರ ಹುಡುಕುತ್ತಾ ಅಲೆಯುತ್ತಲೇ ಇರುತ್ತಾರೆ. ಕಾದಂಬರಿಯ ನಿಜವಾದ ಸಂಸ್ಕಾರ ಇದು. ನಮ್ಮ ಓದಿನಲ್ಲಿ 'ಸಂಸ್ಕಾರ'ದ ನಾಯಕ ಪ್ರಾಣೇಶಾಚಾರ್ಯನಲ್ಲ. ಅಹಮದ್ ಬ್ಯಾರಿ ಕತೆಗೆ ಬಂದು ಹೋಗುವುದು ಎಷ್ಟು ಹೊತ್ತು? ಒಂದು ರಾತ್ರಿ. ಆದರೆ ಎಲ್ಲರೂ ಕೂಡಿ ಮಾಡಲಾರದ್ದನ್ನು ಆ ಒಂದು ರಾತ್ರಿಯಲ್ಲಿ ಮಾಡಿದವನು ಅವನು.

೨೦೨೧ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಹಾಸಿಗೆ ಸಿಗದೆ ಮಂದಿ ಬೀದಿಯಲ್ಲಿ ಸಾಯುತ್ತಿದ್ದಾಗ, ಪಾಲಿಕೆಯ ವಾರ್ ರೂಮಿನಲ್ಲಿ ದುಡಿಯುತ್ತಿದ್ದ ೨೦೫ ಜನರಲ್ಲಿ ೧೭ ಮುಸ್ಲಿಂ ಹುಡುಗರ ಹೆಸರನ್ನು ಆರಿಸಿ ಕ್ಯಾಮೆರಾದ ಮುಂದೆ ಓದಿ ಹೇಳಿದರು. ಓದಿದವರು ಸಂಸದರು. ಅದೇ ದಿನಗಳಲ್ಲಿ ಅದೇ ಬೆಂಗಳೂರಿನಲ್ಲಿ, ಮನೆಯವರೇ ಮುಟ್ಟಲು ಹೆದರಿದ ಹಿಂದೂ ಹೆಣಗಳನ್ನು ಮುಸ್ಲಿಂ ಯುವಕರ ತಂಡಗಳು ಹೊತ್ತು ಚಿತಾಗಾರಕ್ಕೆ ಮುಟ್ಟಿಸುತ್ತಿದ್ದವು. ಅಹಮದ್ ಬ್ಯಾರಿಯನ್ನು ೧೯೬೫ರಲ್ಲಿ ಓದಿದ ನಾಡು ೨೦೨೧ರಲ್ಲಿ ಅವನ ಹೆಸರನ್ನು ಅನುಮಾನದ ಪಟ್ಟಿಯಲ್ಲಿ ಓದಿತು. ಕಾದಂಬರಿ ಸಮಾಜವನ್ನು ಬದಲಿಸುತ್ತದೆ ಎಂದು ಭಾಷಣ ಬಿಗಿಯುವವರು ಇದಕ್ಕೆ ಏನಾದರೂ ಹೇಳಲಿ.

ಒಂದಾಗುವುದು ಸಾಧ್ಯವೇ ಇಲ್ಲ ಎನ್ನುವುದು ನಮ್ಮ ವಾದವಲ್ಲ. ಆಗಿದೆ, ಇದೇ ನೆಲದಲ್ಲಿ ಆಗಿದೆ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಡಿಯಿತು. ಒಡೆಸಾದಲ್ಲಿ ಹುಟ್ಟಿದ ಯಹೂದಿ ಹಾಫ್‌ಕಿನ್ ಮುಂಬಯಿಯಲ್ಲಿ ಲಸಿಕೆ ತಯಾರಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. ಆ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನಕ್ಕೆ ಹಾಕಿದರು. ತನ್ನ ಧರ್ಮದ ಕಾರಣಕ್ಕೆ ತನ್ನ ನಾಡಿನಲ್ಲಿ ತುಳಿಸಿಕೊಂಡವನ ವಿದ್ಯೆ ನಮ್ಮ ಸೀಮೆಯ ಮಂದಿಯ ಜೀವ ಉಳಿಸಿತು. ಮಾನವಕುಲದ ಒಗ್ಗಟ್ಟು ಅಂದರೆ ಇದು. ಆದರೆ ಅದೇ ೧೮೯೭ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಅದರ ಬಲದ ಮೇಲೆ ಸಿಪಾಯಿಗಳು ಪುಣೆಯಲ್ಲಿ ಮನೆ ಹೊಕ್ಕು ಹೆಂಗಸರ ಮೈ ತಡವಿದರು. ಸೂಜಿಯೂ ಬಂತು, ಲಾಠಿಯೂ ಬಂತು. ೨೦೨೦ರಲ್ಲಿ ನಮ್ಮದೇ ಸರಕಾರ ಅದೇ ೧೮೯೭ರ ಕಾಯ್ದೆಯ ಧೂಳು ಕೊಡವಿ ಹೊರತೆಗೆಯಿತು. ಸೂಜಿ ಬರುವುದಕ್ಕೆ ವರ್ಷ ಹಿಡಿಯಿತು, ಲಾಠಿ ಮಾತ್ರ ಮರುದಿನವೇ ಬಂತು. ನಡೆದು ಹೊರಟ ಕೂಲಿಗಳ ಬೆನ್ನ ಮೇಲೆ ಬಂತು.

ಪುಣೆಯ ಆ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಮುಂಢ್ವೆಯ ಮಹಾರ ಕೇರಿಯಿಂದ ಒಬ್ಬ ಜಡ್ಡು ಬಿದ್ದ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು. ಹುಡುಗ ಉಳಿದ. ಅವರು ೧೮೯೭ರ ಮಾರ್ಚ್ ೧೦ರಂದು ಅದೇ ಪ್ಲೇಗಿಗೆ ಸತ್ತರು. ಶಾಲೆಯ ಪುಸ್ತಕಗಳಲ್ಲಿ ಅವರು ಮೊದಲ ಶಿಕ್ಷಕಿ ಎಂಬುದು ಬರುತ್ತದೆ, ಸಾವು ಹ್ಯಾಂಗ ಬಂತು ಎಂಬುದು ಬರುವುದು ಕಡಿಮೆ. ಹಳ್ಳಿಯ ಮಾಸ್ತರರು ಮಕ್ಕಳಿಗೆ ಇದನ್ನು ಹೇಳಬೇಕು.

ಮಾಸ್ತರರ ಮಾತು ಬಂತು ಎಂದು ಇನ್ನೊಂದು ನೆನಪಿಸುತ್ತೇವೆ. ಅಂಬೇಡ್ಕರರು ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಒಂದು ಪತ್ರವನ್ನು ಸೇರಿಸಿದ್ದಾರೆ. ಕಾಠಿಯಾವಾಡದ ಹಳ್ಳಿಯೊಂದರ ಅಸ್ಪೃಶ್ಯ ಶಾಲಾ ಮಾಸ್ತರ ಬರೆದದ್ದು, ೧೯೨೯ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದದ್ದು. ಬಾಣಂತಿ ಹೆಂಡತಿಗೆ ಜ್ವರ. ಡಾಕ್ಟರ ಕೇರಿಯೊಳಗೆ ಬರಲಾರ. ಎರಡು ರೂಪಾಯಿ ಫೀಗೆ ಊರಿನ ದೊಡ್ಡವರು ಹೊಣೆ ನಿಂತ ಮೇಲೆ, ಬಾಣಂತಿಯನ್ನು ಕೇರಿಯ ಹೊರಗೆ ತಂದರೆ ನೋಡುತ್ತೇನೆ ಅಂದ. ತಂದರು. ಡಾಕ್ಟರ ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮಾಸ್ತರನ ಕೈಗೆ, ಮಾಸ್ತರ ಹೆಂಡತಿಗೆ. ತಿರುಗಿ ಅದೇ ದಾರಿಯಲ್ಲಿ ವಾಪಸು. ಡಾಕ್ಟರ ದೀಪದ ಬೆಳಕಿಗೆ ನೋಡಿ ನ್ಯುಮೋನಿಯಾ ಅಂದ. ಔಷಧ ಬಂತು, ಡಾಕ್ಟರ ಮತ್ತೆ ಬರಲಿಲ್ಲ. ಆಕೆ ಸತ್ತಳು. ಒಂದು ಗಾಜಿನ ಕೊಳವೆ ಮೂರು ಕೈ ದಾಟಿ ಹೋದ ಆ ದೂರವಿದೆಯಲ್ಲ, ಅದನ್ನು ಅಳೆದು ಬರೆದ ಕೊರೋನಾ ಪದ್ಯ ಒಂದಾದರೂ ಇದೆಯೇ? ಇದ್ದರೆ ಕಳಿಸಿರಿ, ನಮ್ಮ ಮುಂದಿನ ಸಂಚಿಕೆಯ ಮೊದಲ ಪುಟ ಅದಕ್ಕೇ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬರುತ್ತದೆ, ಬಂದೂ ಇದೆ. ಜಗತ್ತೇ ಸುಡುತ್ತಿರುವಾಗ, ರೋಗ ಬರ ಪ್ರವಾಹ ಒಂದರ ಬೆನ್ನಿಗೆ ಒಂದು ಬರುತ್ತಿರುವಾಗ, ಎಲ್ಲರೂ ಒಂದಾಗುವ ಹೊತ್ತಿನಲ್ಲಿ ನೀವು ಮತ್ತೆ ಜಾತಿ ತೆಗೀತೀರಲ್ರಿ ಎಂದು. ಕೇಳುವವರಲ್ಲಿ ಕೆಟ್ಟವರಿಲ್ಲ, ನಮ್ಮ ಗೆಳೆಯರೇ ಇದ್ದಾರೆ. ಅವರಿಗೆ ಉತ್ತರ ನಾವು ಕೊಡುವುದಕ್ಕಿಂತ ಭಾರತ ಸರಕಾರವೇ ಚೆನ್ನಾಗಿ ಕೊಟ್ಟಿದೆ. ೧೯೯೨ರಲ್ಲಿ ರಿಯೋ ಎಂಬ ಊರಿನಲ್ಲಿ ಜಗತ್ತಿನ ದೇಶಗಳೆಲ್ಲ ಕೂಡಿದಾಗ ಒಂದು ತತ್ವ ಒಪ್ಪಿದರು: ಭೂಮಿ ಕೆಟ್ಟದ್ದಕ್ಕೆ ಹೊಣೆ ಎಲ್ಲರದು, ಆದರೆ ಎಲ್ಲರ ಪಾಲು ಒಂದೇ ಅಲ್ಲ, ಯಾರು ಹೆಚ್ಚು ಹೊಗೆ ಬಿಟ್ಟು ಸಿರಿವಂತರಾದರೋ ಅವರು ಹೆಚ್ಚು ಹೊರಬೇಕು. ಅಂದಿನಿಂದ ಪ್ರತಿ ಸಮ್ಮೇಳನದಲ್ಲಿ ಭಾರತ ಇದೇ ಮಾತನ್ನು ಹಟ ಹಿಡಿದು ಹೇಳುತ್ತಾ ಬಂದಿದೆ. ೨೦೨೦ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ಜೊತೆ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ, ಜೀವ ಉಳಿಸುವ ಔಷಧ-ಲಸಿಕೆಗಳ ಮೇಲೆ ಕಂಪನಿಗಳ ಪೇಟೆಂಟು ಹಕ್ಕು ಸಡಿಲಿಸಿರಿ ಎಂದು ಕೇಳಿದ್ದೂ ಭಾರತವೇ. ಸಿರಿವಂತ ದೇಶಗಳು ಎರಡು ವರ್ಷ ಎಳೆದಾಡಿ ೨೦೨೨ರ ಜೂನಿನಲ್ಲಿ ಹುರುಳಿಲ್ಲದ ಒಂದು ತೀರ್ಮಾನ ಕೊಟ್ಟವು. ಭಾರತ ಕೇಳಿದ್ದು ನ್ಯಾಯ. ನಾವು ಅದರ ಪರ.

ಆದರೆ ರಿಯೋದಲ್ಲಿ, ಜಿನೀವಾದಲ್ಲಿ ಸರಿಯಾದ ನ್ಯಾಯ ಕುಂದಗೋಳದಲ್ಲಿ ಒಡಕಿನ ಮಾತು ಹ್ಯಾಂಗಾಗತದ? ಬಡ ದೇಶ ಸಿರಿವಂತ ದೇಶಕ್ಕೆ 'ನಾವೆಲ್ಲ ಒಂದೇ ಅನ್ನುವ ಮೊದಲು ಲೆಕ್ಕ ಕೊಡು' ಅಂದರೆ ಸ್ವಾಭಿಮಾನ. ಕೇರಿಯವನು ಊರಿಗೆ ಅದನ್ನೇ ಅಂದರೆ ಒಡಕು. ಜಿನೀವಾದಲ್ಲಿ ಲಸಿಕೆ ಎಲ್ಲರ ಸೊತ್ತು ಅಂದ ಸರಕಾರವೇ ೨೦೨೧ರ ಮೇ ತಿಂಗಳಲ್ಲಿ ಹದಿನೆಂಟರಿಂದ ನಲವತ್ನಾಲ್ಕರ ವಯಸ್ಸಿನವರಿಗೆ ಫೋನಿನಲ್ಲಿ ಹೆಸರು ನೋಂದಾಯಿಸಿ ಬನ್ನಿ ಅಂದಿತು, ಅರ್ಧ ಪಾಲಿನ ಲಸಿಕೆಯ ಖರೀದಿಯನ್ನು ರಾಜ್ಯಗಳಿಗೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ ಬಿಟ್ಟಿತು. ಸುಪ್ರೀಂ ಕೋರ್ಟು ಆ ನೀತಿಯನ್ನು ಜಾಡಿಸಿದ ಮೇಲೆ ಜೂನ್ ೨೧ರಿಂದ ದಾರಿಗೆ ಬಂತು. ಕೂಲಿಯವನ ಕೈಯಲ್ಲಿ ಯಾವ ಫೋನು? ಅದಕ್ಕೂ ಹಿಂದಿನ ವರ್ಷ, ೨೦೨೦ರ ಮೇ ಮೊದಲ ವಾರ, ಕಟ್ಟಡ ಕಟ್ಟಿಸುವ ಧಣಿಗಳ ಜೊತೆ ಸಭೆ ಮಾಡಿದ ಕರ್ನಾಟಕ ಸರಕಾರ ಹೊರರಾಜ್ಯದ ಕೂಲಿಗಳು ಊರಿಗೆ ಹೋಗುವ ರೈಲುಗಳನ್ನೇ ಬೇಡ ಅಂದಿತ್ತು. ನಾಡೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಬಿಟ್ಟರು. 'ನಾವೆಲ್ಲ ಒಂದೇ' ಎಂಬ ಮಾತಿನ ಒಳಗೆ ಯಾರನ್ನು ಯಾರು ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಸೀಮೆ ಒಗ್ಗಟ್ಟನ್ನು ಕಂಡೇ ಇಲ್ಲ ಎಂದಲ್ಲ. ೧೯೮೦ರ ಜುಲ್ಲೈ ೨೧ರಂದು ನವಲಗುಂದ-ನರಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರು ಲಿಂಗಾಯತ, ಕುರುಬ, ಮುಸಲ್ಮಾನ ಎಂದು ಎಣಿಸಿಕೊಂಡು ಎದ್ದವರಲ್ಲ. ಗೋಲಿಬಾರಿನಲ್ಲಿ ಜೀವ ಹೋಯಿತು, ನಾಡಿಗೆ ರೈತ ಚಳವಳಿ ಹುಟ್ಟಿತು. ಅದನ್ನು ನೆನೆದರೆ ಇವತ್ತಿಗೂ ಮೈ ನವಿರೇಳುತ್ತದೆ. ಆದರೂ ಹೊಲದ ಮೇಲಿನ ಕರಕ್ಕೆ ಹೊಲ ಇದ್ದವರು ಒಂದಾದರು. ಅದೇ ಹೊಲದಲ್ಲಿ ಕಳೆ ತೆಗೆಯುವವಳ ಕೂಲಿಯ ಪ್ರಶ್ನೆಗೆ ಅಷ್ಟೇ ಮಂದಿ ಯಾವತ್ತು ಬೀದಿಗೆ ಬಂದರು? ಚಳವಳಿಯ ಹಾಡು ಕಟ್ಟಿದ ಗೆಳೆಯರಿಗೂ ಈ ಪ್ರಶ್ನೆ ಇದೆ.

ಬಂಡಾಯದ ಕವಿಗಳ ಮೇಲೂ ನಮ್ಮ ಮಾತು ಕಟುವೇ. ೧೯೭೯ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದಾಗ ಇದ್ದ ಹಟ ಕಣ್ಣಿಗೆ ಕಂಡದ್ದನ್ನು ಹೆಸರಿಟ್ಟು ಹೇಳುವ ಹಟ. ನಾಲ್ಕು ದಶಕದ ಮೇಲೆ ಬಂದ ಕೊರೋನಾ ಪದ್ಯಗಳಲ್ಲಿ ಕೆಲವು ನವೋದಯದ ವಿಶ್ವಪ್ರೇಮವನ್ನೇ ಕೆಂಪು ಶಾಯಿಯಲ್ಲಿ ಬರೆದಂತೆ ಇದ್ದವು. 'ಕಾರ್ಮಿಕನ ಬೆವರು', 'ರಕ್ತದ ಹೆಜ್ಜೆ' — ಇವು ಯಾರ ಬೆವರು, ಯಾವ ರಸ್ತೆಯ ಹೆಜ್ಜೆ ಎಂದು ಹೇಳದಿದ್ದರೆ ಸಕ್ಕರೆ ಹಾಕಿದ ಮಾತೇ. ಬಳ್ಳಾರಿಯಲ್ಲಿ ೨೦೨೦ರ ಜೂನ್ ಕೊನೆಗೆ ಹೆಣಗಳನ್ನು ಎಳೆದು ಒಂದೇ ಗುಂಡಿಗೆ ಎಸೆದದ್ದನ್ನು ನಾಡೆಲ್ಲ ನೋಡಿತು, ಆಡಳಿತ ಕ್ಷಮೆ ಕೇಳಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ೨೦೨೧ರ ಮೇ ೨ರ ರಾತ್ರಿ ಆಕ್ಸಿಜನ್ ಸಾಲದೆ ಆದ ಗದ್ದಲದಲ್ಲಿ ಒಂದೇ ದಿನಕ್ಕೆ ೨೪ ಜನ ಸತ್ತ ಸುದ್ದಿ ಬಂತು. ಈ ೨೪ ಜನರ ಮೇಲೆ ೨೪ ಕತೆ ಬರಬೇಕಿತ್ತು.

ಬರೆಯುವುದು ಹ್ಯಾಂಗ ಎಂದು ಕೇಳುವ ಹುಡುಗರಿಗೆ ನಾವು ತೋರಿಸುವ ಪುಸ್ತಕ ಮಹಾಮಾರಿಯದಲ್ಲ. ದೇವನೂರ ಮಹಾದೇವರ 'ಒಡಲಾಳ'. ಅಲ್ಲಿ ಸಾಕವ್ವನ ಮನೆಗೆ ಕದ್ದು ತಂದ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ನಮ್ಮ ಕಡೆ ಶೇಂಗಾ. ಮನೆಯವರೆಲ್ಲ ಮುದುಕಿಯಿಂದ ಮಗುವಿನ ತನಕ ಸುತ್ತ ಕೂತು ರಾತ್ರಿಯಿಡೀ ತಿಂದು ಮುಗಿಸುತ್ತಾರೆ. ಹಗಲು ಒಬ್ಬರ ಮೇಲೊಬ್ಬರು ಹರಿಹಾಯ್ದವರು ಆ ಹೊತ್ತು ಒಂದೇ ಬಾಯಿ, ಒಂದೇ ಹೊಟ್ಟೆ ಆಗುತ್ತಾರೆ. ಪೊಲೀಸರು ಹುಡುಕಲು ಬರುವ ಹೊತ್ತಿಗೆ ಕಳವಿನ ಗುರುತೇ ಇಲ್ಲ. ಒಗ್ಗಟ್ಟಿನ ಮೇಲೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪುಟಗಳನ್ನು ನಾವು ಓದಿಲ್ಲ, ಅದರಲ್ಲಿ ಒಗ್ಗಟ್ಟು ಎಂಬ ಬೋಧನೆಯೇ ಇಲ್ಲ. ಹಸಿವು ಯಾರದು, ಮೂಟೆ ಯಾರದು, ಬಾಗಿಲು ಬಡಿಯುವವನು ಯಾರು ಎಂಬುದು ಮಾತ್ರ ಸ್ಪಷ್ಟ ಇದೆ.

ಆದ್ದರಿಂದ ಈ ಸಂಚಿಕೆಯಿಂದ ನಾವು ಪದ್ಯ ಕೇಳುವುದನ್ನು ಸ್ವಲ್ಪ ದಿನ ನಿಲ್ಲಿಸುತ್ತೇವೆ. ಹಳ್ಳಿಯ ಮಾಸ್ತರರು, ವಿದ್ಯಾರ್ಥಿ ಗೆಳೆಯರು ತಮ್ಮ ತಮ್ಮ ಊರಿನಲ್ಲಿ ೨೦೨೦-೨೧ರಲ್ಲಿ ಸತ್ತವರ ಪಟ್ಟಿ ಮಾಡಬೇಕು. ಸರಕಾರದ ಪಟ್ಟಿ ಬೇಡ, ಕೇರಿಯಲ್ಲಿ ಕೂತು ಕೇಳಿ ಬರೆದದ್ದು ಬೇಕು. ಯಾವ ಕೇರಿ, ಏನು ದುಡಿಮೆ, ದವಾಖಾನೆ ಎಷ್ಟು ಮೈಲಿ, ಗಾಡಿ ಕೊಟ್ಟವರು ಯಾರು, ಕೊಡದವರು ಯಾರು, ಹೆಣ ಹೊತ್ತವರು ಯಾರು. ಹೊತ್ತವರ ಜಾತಿ-ಧರ್ಮವನ್ನೂ ಬರೆಯಿರಿ, ಸಂಕೋಚ ಬೇಡ. ಹೆಸರು ಅಚ್ಚು ಮಾಡುವುದಿಲ್ಲ, ಮನೆಯವರು ಒಪ್ಪಿದರೆ ಮಾತ್ರ ಸಂಗತಿ ಅಚ್ಚು ಮಾಡುತ್ತೇವೆ. ಕುಬಿಹಾಳದ ಪಟ್ಟಿ ಶುರುವಾಗಿದೆ. ಮೊದಲ ಸಾಲು ಆ ಮುದುಕಿಯೇ ಹೇಳಿ ಬರೆಸಿದ್ದಾಳೆ. ಶಾಲೆಯ ನೋಟುಬುಕ್ಕಿನ ನಾಲ್ಕು ಹಾಳೆ ತುಂಬಿವೆ, ಇನ್ನೂ ಮೂರು ಓಣಿ ಉಳಿದಿವೆ.